ರಂಜಕದ ಅಂಕಿ ಕೇಳುವ ಮೊದಲು ಗೊಬ್ಬರದ ವಿಚಾರ ಕೇಳಿ

ಶಿರಸಿಯಲ್ಲಿ ನನ್ನದು ಮಣ್ಣು ಪರೀಕ್ಷೆಯ ಕೆಲಸ. ಬರುವುದೆಲ್ಲ ಹೆಚ್ಚುಕಮ್ಮಿ ಅಡಿಕೆ ತೋಟದ ಮಣ್ಣು. ನಡುನಡುವೆ ಹಳೆ ಊರಿನ ಜಾಗ ಹುಡುಕುವವರೂ ಚೀಲ ಹಿಡಿದು ಬರುತ್ತಾರೆ. ಅವರಿಗೆ ಬೇಕಾದ್ದು ರಂಜಕದ (ಫಾಸ್ಫರಸ್) ಅಂಕಿ.

ಜನ, ದನ ಇದ್ದಲ್ಲಿ ಸಗಣಿ, ಮೂಳೆ, ಬೂದಿ, ಅಡುಗೆಮನೆ ಕಸ ಎಲ್ಲ ನೆಲಕ್ಕೇ ತಾನೇ? ಅದರಲ್ಲಿನ ಸಾರಜನಕವನ್ನು ನಮ್ಮ ಮಳೆ ತೊಳೆದುಬಿಡುತ್ತದೆ. ರಂಜಕ ಮಾತ್ರ ಸುಲಭಕ್ಕೆ ಹೋಗುವುದಿಲ್ಲ, ಚಿರೇಕಲ್ಲು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಹುಳಿ ಮಣ್ಣಿನಲ್ಲಿ ಮೂಳೆ ಕರಗಿ ಹೋದರೂ ಅದರ ರಂಜಕ ಅಲ್ಲೇ ಉಳಿಯುತ್ತದೆ. ಹೀಗೆ ಹಳೆ ವಸತಿಯ ಜಾಗದಲ್ಲಿ ರಂಜಕ ಹೆಚ್ಚಿರುವುದನ್ನು ಮೊದಲು ಗುರುತಿಸಿದವರಲ್ಲಿ ಸ್ವೀಡನ್ನಿನ ಕೃಷಿ ವಿಜ್ಞಾನಿ ಓಲೋಫ್ ಅರ್ರೇನಿಯಸ್ ಒಬ್ಬರು. 1920ರ ದಶಕದಲ್ಲಿ ಅವರು ನೋಡುತ್ತಿದ್ದದ್ದೂ ರೈತರ ಹೊಲದ ಮಣ್ಣನ್ನೇ.

ಸ್ಥಳದಲ್ಲೇ ಮಾಡುವ ಪರೀಕ್ಷೆ ನೋಡೋಕೆ ಚಂದ. ಸೋಸುವ ಕಾಗದದ ಮೇಲೆ ಚಿಟಿಕೆ ಮಣ್ಣು, ಆಮ್ಲ ಬೆರೆತ ಮಾಲಿಬ್ಡೇಟ್ ಎಂಬ ರಾಸಾಯನಿಕ ಎರಡು ಹನಿ, ಆಮೇಲೆ ವಿಟಮಿನ್ ಸಿ ದ್ರಾವಣ. ರಂಜಕ ಇದ್ದರೆ ಸ್ವಲ್ಪ ಹೊತ್ತಿಗೆ ಮಣ್ಣಿನ ಸುತ್ತ ನೀಲಿ ಹರಡುತ್ತದೆ, ಬಂದವರ ಮುಖವೂ ಅರಳುತ್ತದೆ.

ನಾನು ಆಗ ಕೇಳುವುದು, ಹೋಲಿಕೆಗೆ ಮಣ್ಣು ಎಲ್ಲಿಂದ ತಂದಿರಿ? ಮುಕ್ಕಾಲು ಪಾಲು ಜನ ಪಕ್ಕದ ಸೊಪ್ಪಿನ ಬೆಟ್ಟದ್ದು ಅನ್ನುತ್ತಾರೆ. ಕಾಡು ಅಲ್ವಾ, ಯಾರೂ ಮುಟ್ಟಿಲ್ಲ ಅಂತ ಅವರ ಲೆಕ್ಕ. ಆದರೆ ನಮ್ಮ ಜಿಲ್ಲೆಯಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟದ್ದೇ ಸೊಪ್ಪು, ದರಕು (ಒಣ ಎಲೆ) ತರೋಕೆ. ತಲೆಮಾರುಗಳಿಂದ ಬೆಟ್ಟದ ಸಾರ ಕೊಟ್ಟಿಗೆ ಹಾದು ತೋಟಕ್ಕೆ ಇಳಿದಿದೆ. ಅಂಥ ಬೆಟ್ಟದ ಪಕ್ಕ ಇಟ್ಟರೆ ನಿನ್ನೆ ಮೊನ್ನೆಯ ತೋಟವೂ ಕದಂಬರ ಕಾಲದ ಊರಿನ ಹಾಗೆ ಕಾಣುತ್ತದೆ! ಅದಕ್ಕೇ ಸೊಪ್ಪು ಕಡಿಯದ, ಗೊಬ್ಬರ ಬೀಳದ, ಅದೇ ಥರದ ಮಣ್ಣಿನ ನಾಲ್ಕಾರು ಜಾಗ ಹುಡುಕಿ ಅನ್ನುತ್ತೇನೆ. ಮೇಲ್ಪದರ ಒಂದೇ ಸಾಲದು, ಆಳದ್ದೂ ಬೇಕು. ಮನೆಯ ಹಿರಿಯರ ಹತ್ತಿರ ಕೊಟ್ಟಿಗೆ, ಗೊಬ್ಬರಗುಂಡಿ ಮೊದಲು ಎಲ್ಲಿತ್ತು ಅಂತ ಕೇಳಿಕೊಂಡು ಬನ್ನಿ, ಅದು ಯಾವ ಯಂತ್ರಕ್ಕೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ, ತೋಟದ ವರದಿಯಲ್ಲಿ ಬರುವ ರಂಜಕ ಗಿಡಕ್ಕೆ ಸಿಗುವಷ್ಟು ಮಾತ್ರ. ಹಳೆ ವಸತಿ ಹುಡುಕುವವರಿಗೆ ಒಟ್ಟು ರಂಜಕ ಬೇಕು, ಅದಕ್ಕೆ ಮಣ್ಣನ್ನು ಸುಟ್ಟೋ ಗಟ್ಟಿ ಆಮ್ಲದಲ್ಲಿ ಕುದಿಸಿಯೋ ತೆಗೆಯಬೇಕು. ಒಂದೇ ಚೀಲಕ್ಕೆ ಮೊದಲನೆಯದು 'ಕಡಿಮೆ', ಎರಡನೆಯದು 'ಭಾರಿ' ಅಂತ ಬಂದರೆ ಗಾಬರಿ ಬೇಡ.

ಕುಮಟಾ ಕಡೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕೆಸರಿದ್ದರೆ ಗಾಳಿಯಾಡದಂತೆ ಕಟ್ಟಿ, ತಂಪಲ್ಲಿಟ್ಟು ಬೇಗ ತನ್ನಿ. ಅದರಲ್ಲಿ ಗಂಧಕ ಇರುತ್ತದೆ, ಸುಮ್ನೆ ಒಣಗೋಕೆ ಬಿಟ್ಟರೆ ಹುಳಿಯಾಗಿ ಪಿಎಚ್ ಕೆಳಗಿಳಿಯುತ್ತದೆ.