ನೈಸ್ ಆಗಿ ರುಬ್ಬು

ಸಂಜೆ ಇಡ್ಲಿಗೆ ರುಬ್ಬುತ್ತಿದ್ದೆ. ಫೋನಿನಲ್ಲಿ ಅಮ್ಮ, "ಉದ್ದು ನೈಸ್ ಆಗಿ ರುಬ್ಬು, ಅಕ್ಕಿ ಸ್ವಲ್ಪ ತರಿತರಿ ಇರಲಿ" ಅಂದರು.

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. "ನೈಸ್ ಅಂದ್ರೆ ಚೆನ್ನಾಗಿ ಅಂತ ಅಲ್ವಾ? ಅಕ್ಕಿ ಚೆನ್ನಾಗಿ ರುಬ್ಬೋದು ಬೇಡ್ವಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಉದ್ದಿನ ಹಿಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ತೋರಿಸಿದೆ. ಒಂದು ತರಿಯೂ ಸಿಗದೆ ಜಾರಿತು. "ಇದು ನೈಸ್" ಅಂದೆ. ಅವಳೂ ಬೆರಳು ಅದ್ದಿ ನೋಡಿದಳು.

ರಾತ್ರಿ ಸುಮ್ನೆ ಡಿಕ್ಷನರಿ ತೆಗೆದೆ. ನೈಸ್ ಪದದ ಮೂಲ ಲ್ಯಾಟಿನ್‌ನ ನೆಸ್ಕಿಯಸ್. ಅಂದರೆ ಏನೂ ತಿಳಿಯದವನು. ಸುಮಾರು 700 ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿ ಯಾರನ್ನಾದರೂ ನೈಸ್ ಅಂದರೆ ದಡ್ಡ ಅಂತಲೇ ಅರ್ಥ! ಆಮೇಲೆ ಅತಿ ನಾಜೂಕಿನವರು, ಆಮೇಲೆ ಸೂಕ್ಷ್ಮ, ನಿಖರ. ಒಳ್ಳೆಯದು, ಹಿತವಾದದ್ದು ಅನ್ನುವ ಅರ್ಥ ಗಟ್ಟಿಯಾದದ್ದು 18ನೇ ಶತಮಾನದಲ್ಲಿ.

ತುಂಬ ಸಣ್ಣ ವ್ಯತ್ಯಾಸಕ್ಕೆ ಇಂಗ್ಲಿಷಿನವರು ಇವತ್ತಿಗೂ 'ನೈಸ್ ಡಿಸ್ಟಿಂಕ್ಷನ್' ಅನ್ನುತ್ತಾರೆ. ಅಲ್ಲಿ ನೈಸ್ ಅಂದರೆ ಚೆಂದ ಅಲ್ಲ, ನವಿರು, ಸೂಕ್ಷ್ಮ.

ಅದನ್ನು ಓದಿ ಖುಷಿಯಾಯಿತು. ಅಮ್ಮನ ನೈಸ್ ಕೂಡ ಅಷ್ಟೇ ನವಿರು ಅಲ್ವಾ? ಗೋಡೆಗೆ ನೈಸ್ ಫಿನಿಶಿಂಗ್ ಬೇಕು ಅನ್ನುವ ಗಾರೆ ಕೆಲಸದವರದ್ದೂ ಇದೇ ಪದ. ಇವರೆಲ್ಲ ಅದನ್ನು ತಪ್ಪಾಗಿ ಬಳಸುತ್ತಾರೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ನಾಳೆ ಬೆಳಿಗ್ಗೆ ಇಡ್ಲಿ ತಿನ್ನುವಾಗ ಮಗಳಿಗೆ ಇದೆಲ್ಲ ಹೇಳಬೇಕು.