ಎಂಜಿನ್ನಿನ ಸುಳ್ಳು ಗುಡುಗನ್ನು ಕಳಚಿದೆ

ಸಮತಟ್ಟಾದ ರಸ್ತೆ, ನಾಲ್ಕನೇ ಗೇರು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು 2,400 ಆರ್‌ಪಿಎಂ ಮೇಲೆ ನಿಂತಿತ್ತು. ಕ್ರೂಸ್ ಕಂಟ್ರೋಲ್ ಹಾಕಿದ್ದರಿಂದ ನನ್ನ ಕಾಲು ಪೆಡಲಿನ ಮೇಲೂ ಇರಲಿಲ್ಲ. ಪಕ್ಕದಲ್ಲಿದ್ದ ತಮ್ಮ ಸುಮ್ಮನೆ ಸ್ಪೋರ್ಟ್ ಗುಂಡಿ ಒತ್ತಿದ. ವೇಗ ಹೆಚ್ಚಲಿಲ್ಲ, ಮುಳ್ಳು ಕದಲಲಿಲ್ಲ, ಆದರೆ ಕಾರಿನೊಳಗೆ ಎಂಜಿನ್ ಗುರ್ರೆಂದಿತು. ಮತ್ತೆ ಒತ್ತಿದ, ದನಿ ತಗ್ಗಿತು. ಮೂರು ಸಲ ಹೀಗೆ ಮಾಡಿಸಿ ನೋಡಿದೆ. ಎರಡು ವರ್ಷಗಳಿಂದ ನಾನು ಮೆಚ್ಚಿಕೊಂಡು ಕೇಳುತ್ತಿದ್ದ ದನಿ ಎಂಜಿನ್ನಿನದಾಗಿರಲಿಲ್ಲ.

ನನಗೆ ನಿಜಕ್ಕೂ ನೋವಾಯಿತು. ನಾನು ಓಡಿಸಲು ಕಲಿತದ್ದು ಆರ್‌ಪಿಎಂ ಮೀಟರೇ ಇಲ್ಲದ ಹಳೆಯ ಡೀಸೆಲ್ ವ್ಯಾನಿನಲ್ಲಿ. ಕಲಿಸಿದ ಸೋದರಮಾವ ಗೇರ್ ಬದಲಿಸಬೇಕಾದಾಗ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತನ್ನ ಕಿವಿಯನ್ನು ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದರು. ಕಣ್ಣು ರಸ್ತೆಯ ಕಡೆಗೆ, ಕಿವಿ ಗಾಡಿಯ ಕಡೆಗೆ. ಅಂದಿನಿಂದ ಇಂದಿನವರೆಗೆ ನಾನು ಗಾಡಿಯನ್ನು ನಂಬುವುದು ಕಿವಿಯ ಮೂಲಕವೇ.

ಮನೆಗೆ ಬಂದ ಮೇಲೆ ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಲು ಹೇಳಿದೆ. ಹೊರಗೆ ನಿಂತರೆ ಇಂಜೆಕ್ಟರುಗಳ ಟಿಕಟಿಕ ಮತ್ತು ಸೈಲೆನ್ಸರಿನ ಮೆದುವಾದ ಉಸಿರು, ಒಳಗೆ ತಲೆ ಹಾಕಿದರೆ ದೊಡ್ಡ ಎಂಜಿನ್ನಿನ ಗುಡುಗು. ವೈಪರುಗಳ ಬುಡದಲ್ಲಿ ಗಾಜಿನ ಮೇಲೆ ಬೆರಳಿಟ್ಟೆ. ಗಾಜು ಸಣ್ಣಗೆ ಝುಮ್ಮೆನ್ನುತ್ತಿತ್ತು.

ಬಾನೆಟ್ಟಿನ ಕೆಳಗೆ, ಎಂಜಿನ್ನನ್ನೂ ಕ್ಯಾಬಿನ್ನನ್ನೂ ಬೇರ್ಪಡಿಸುವ ತಗಡಿನ ಗೋಡೆಯ ನಡುವೆ, ಮುಷ್ಟಿಯಷ್ಟು ದಪ್ಪದ ಒಂದು ಬಿಲ್ಲೆ ಸಿಕ್ಕಿತು. ಕಾಗದದ ಕೋನ್ ಇಲ್ಲದ ಸ್ಪೀಕರ್ ಎಂದರೆ ಸರಿಯಾದೀತು. ಅದು ತಗಡನ್ನು ನಡುಗಿಸುತ್ತದೆ, ತಗಡು ಮತ್ತು ಗಾಜು ಸೇರಿ ಕೋನಿನ ಕೆಲಸ ಮಾಡುತ್ತವೆ. ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಪೆಡಲ್ ಎಷ್ಟು ಒತ್ತಿದೆ ಎಂಬುದನ್ನು ಕಾರಿನ ಒಳಜಾಲದಿಂದ ಓದಿಕೊಂಡು ಅದಕ್ಕೆ ತಕ್ಕ ಸದ್ದು ಹೊರಡಿಸುತ್ತದೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಇಟ್ಟುಕೊಂಡವರು ಇದನ್ನು ‘ಸೌಂಡಾಕ್ಟರ್’ ಎಂಬ ಹೆಸರಿನಿಂದ ಬಲ್ಲರು. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಇದೇ ಕೆಲಸವನ್ನು ಸ್ಟೀರಿಯೊ ಸ್ಪೀಕರುಗಳಿಂದ ಮಾಡಿಸಿತು. ಟರ್ಬೊ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ಬಡಿತವನ್ನು, ಆ ಹೊಗೆಯಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಲು ನೆರವಾಗುವ ಟರ್ಬೈನ್ ಚಕ್ರವೇ ಸವೆಸಿಬಿಡುತ್ತದೆ. ಜೊತೆಗೆ ಶಬ್ದದ ಕಾನೂನುಗಳೂ ವರ್ಷದಿಂದ ವರ್ಷಕ್ಕೆ ಬಿಗಿಯಾಗಿವೆ. ತಯಾರಕರು ಕಳೆದುಹೋದ ದನಿಯನ್ನು ಒಳಗಿದ್ದವರಿಗೆ ಮಾತ್ರ ಹೀಗೆ ತುಂಬಿಕೊಡುತ್ತಾರೆ.

2012ರ ಟೊಯೊಟಾ 86ರಲ್ಲಿದ್ದ ವ್ಯವಸ್ಥೆಯ ಬಗ್ಗೆ ನನಗೆ ದೂರಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ಇನ್ನೊಂದು ಕೊಳವೆ ಕವಲೊಡೆದು, ನಡುವಿನ ತೆಳು ಪೊರೆಯ ಮೂಲಕ ಆ ಬಡಿತವನ್ನು ಕ್ಯಾಬಿನ್ನಿಗೆ ಮುಟ್ಟಿಸುತ್ತದೆ. ಗಟ್ಟಿ ಮಾಡಿದ್ದರೂ ಅದು ಆ ಎಂಜಿನ್ನಿನದೇ ಉಸಿರು.

ನನ್ನ ಕಾರಿನದು ಹಾಗಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸ್ಫೋಟ. 2,400 ಆರ್‌ಪಿಎಂ ಎಂದರೆ ಸೆಕೆಂಡಿಗೆ 80. ಬಿಲ್ಲೆ ಅದರ ಮೇಲೆ ಇಲ್ಲದ ಸ್ವರಗಳನ್ನು ಪೇರಿಸುತ್ತಿತ್ತು. ದೂರದ ಪ್ರಯಾಣದಲ್ಲಿ ಅದೇ ಗುಂಯ್‌ಗುಡುವಿಕೆ ಗಂಟೆಗಟ್ಟಲೆ ಹಣೆಯ ಒಳಗೆ ಕೂತಿರುತ್ತಿತ್ತು. ನನ್ನ ಹೆಂಡತಿ ಹಿಂದಿನಿಂದಲೂ ತಲೆನೋವು ಎನ್ನುತ್ತಿದ್ದಳು, ನಾನು ಬಿಸಿಲಿನ ಮೇಲೆ ತಪ್ಪು ಹೊರಿಸುತ್ತಿದ್ದೆ.

ಕಳಚುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ, ಕೀಲಿ ತೆಗೆದಿಟ್ಟು, ಕನೆಕ್ಟರಿನ ಕೊಂಡಿಯನ್ನು ಹೆಬ್ಬೆರಳಿನಿಂದ ಅದುಮಿ ಎಳೆದೆ. ವೈರನ್ನು ಹಿಡಿದು ಎಳೆಯಬಾರದು, ಕತ್ತರಿಸಲಂತೂ ಬಾರದು. ಮುಂದೆ ಕಾರು ಕೊಳ್ಳುವವರಿಗೆ ಆ ಗುಡುಗು ಬೇಕೆನಿಸಿದರೆ ಮತ್ತೆ ಸಿಕ್ಕಿಸಿಕೊಳ್ಳಲಿ. ಬಿಚ್ಚಿದ ತುದಿಗೆ ನೀರು, ದೂಳು ಹೋಗದಂತೆ ಟೇಪು ಸುತ್ತಿ, ಬಿಸಿಯಾಗುವ ಭಾಗಗಳಿಂದ ದೂರಕ್ಕೆ ಕಟ್ಟಿದೆ. ಎಚ್ಚರಿಕೆಯ ದೀಪ ಹತ್ತಲಿಲ್ಲ. ಡಯಾಗ್ನಾಸ್ಟಿಕ್ ಉಪಕರಣ ಹಾಕಿ ನೋಡಿದರೆ ಮಾತ್ರ ಒಂದು ದೋಷ ಸಂಕೇತ ಕಾಣಿಸುತ್ತದೆ, ಅದರಿಂದ ಬೇರೇನೂ ಕೆಟ್ಟಿಲ್ಲ. ಕೆಲವು ಕಾರುಗಳಲ್ಲಿ ಅದೇ ಉಪಕರಣದಿಂದ ಸದ್ದಿನ ಮಟ್ಟವನ್ನು ಸೊನ್ನೆಗೆ ಇಳಿಸಬಹುದು, ಬಾನೆಟ್ ತೆರೆಯುವುದೇ ಬೇಕಾಗುವುದಿಲ್ಲ.

ಸದ್ದು ಸ್ಟೀರಿಯೊದಿಂದ ಬರುವ ಕಾರುಗಳಲ್ಲಿ ಮಾತ್ರ ಸಿಕ್ಕ ವೈರನ್ನು ಎಳೆಯಬೇಡಿ. ಸೀಟ್ ಬೆಲ್ಟಿನ ಎಚ್ಚರಿಕೆ, ಪಾರ್ಕಿಂಗ್ ಸಂವೇದಕದ ಬೀಪ್ ಕೂಡ ಅದೇ ಆಂಪ್ಲಿಫೈಯರಿನಿಂದ ಬರುತ್ತಿರಬಹುದು. ವಿದ್ಯುತ್ ಕಾರು ನಿಧಾನಕ್ಕೆ ಚಲಿಸುವಾಗ ಹೊರಗೆ ಹೊರಡಿಸುವ ಸದ್ದನ್ನಂತೂ ಯಾರೂ ಮುಟ್ಟಬಾರದು. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ ಅದು ಕಡ್ಡಾಯ, ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ. ಕಣ್ಣು ಕಾಣದವರು ರಸ್ತೆ ದಾಟುವುದು ಆ ದನಿಯನ್ನು ನಂಬಿ.

ಮರುದಿನ ಓಡಿಸಿದಾಗ ಮೊದಲು ಕಾರು ಸೊರಗಿದಂತೆ ಅನ್ನಿಸಿತು. ಗೇರ್ ಬದಲಿಸುವ ಕ್ಷಣ ಎರಡು ಸಲ ತಪ್ಪಿತು. ಅರ್ಧ ಗಂಟೆಯ ಹೊತ್ತಿಗೆ ಒಂದೊಂದೇ ಕೇಳತೊಡಗಿತು: ಟರ್ಬೊದ ಸಣ್ಣ ಸಿಳ್ಳೆ, ಟೈರು ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದಾಗ ಬದಲಾಗುವ ಸದ್ದು. ಇವೆಲ್ಲದರ ಕೆಳಗೆ ಇನ್ನೊಂದು ಗುನುಗು ಇತ್ತು. ಎಂಜಿನ್ನಿನದಲ್ಲ, ಏಕೆಂದರೆ ಗೇರ್ ಬದಲಿಸಿದರೂ ಅದು ಬದಲಾಗಲಿಲ್ಲ, ವೇಗದ ಜೊತೆಗಷ್ಟೇ ಏರುತ್ತಿತ್ತು. ಬಲಕ್ಕೆ ತಿರುಗಿದಾಗ ಜೋರಾಗುತ್ತಿತ್ತು, ಎಡಕ್ಕೆ ತಿರುಗಿದಾಗ ಅಡಗುತ್ತಿತ್ತು. ಬಲತಿರುವಿನಲ್ಲಿ ಭಾರ ಬೀಳುವುದು ಎಡ ಚಕ್ರಗಳ ಮೇಲೆ.

ಮೆಕ್ಯಾನಿಕ್ ಕಾರನ್ನು ಎತ್ತಿ, ಎಡಗೈಯಿಂದ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದು, ಬಲಗೈಯಿಂದ ಮುಂದಿನ ಎಡ ಚಕ್ರವನ್ನು ತಿರುಗಿಸಿದ. ಆಮೇಲೆ ನನ್ನ ಕೈಯನ್ನೂ ಸ್ಪ್ರಿಂಗಿನ ಮೇಲೆ ಇಡಿಸಿದ. ಮರಳು ಸೇರಿದ ಬೀಸುಕಲ್ಲಿನಂತೆ ಜರಜರ ಎನ್ನುತ್ತಿತ್ತು. ಬೇರಿಂಗ್ ಸವೆದು ಎಷ್ಟು ದಿನವಾಗಿತ್ತೋ ತಿಳಿಯದು. ಹೊಸದನ್ನು ಹಾಕಿಸಿದೆ. ಹಳೆಯ ಬೇರಿಂಗನ್ನು ಮನೆಗೆ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಈಗಲೂ ಕೈಯಲ್ಲಿ ಹಿಡಿದು ತಿರುಗಿಸಿದರೆ ಆ ಸದ್ದು ಕೇಳಿಸುತ್ತದೆ.