ರೋಲ್ ನಂಬರ್ 17 ಮತ್ತು ಹಾಲು ಬಣ್ಣದ ಎಣ್ಣೆ

ವರ್ಕ್‌ಶಾಪಿನ ಬಾಗಿಲು ದಾಟಿದ ಮೇಲೆ ನಮಗ್ಯಾರಿಗೂ ಹೆಸರಿರಲಿಲ್ಲ. ಮೇಷ್ಟ್ರು ಕರೆಯುತ್ತಿದ್ದುದು ರೋಲ್ ನಂಬರಿನಿಂದ. ನಾನು 17, ನನ್ನ ಜೊತೆಗಾರ 23. ಮೂರು ವರ್ಷದ ಡಿಪ್ಲೊಮಾದಲ್ಲಿ ಬರೆದ ಪರೀಕ್ಷೆಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಯಾವ ಪೇಪರಿನಲ್ಲಿ ಎಷ್ಟು ಬಂತು ಎಂದು ಕೇಳಿದರೆ ಹೇಳಲಾರೆ. ಆದರೆ ಕೊನೆಯ ವರ್ಷ ಒಂದು ಯಂತ್ರದ ಹೊಟ್ಟೆಯಿಂದ ಕೆಟ್ಟ ಎಣ್ಣೆ ತೆಗೆದು ಹೊಸದು ತುಂಬಿದ ಹತ್ತು ದಿನಗಳು ಇನ್ನೂ ಬಿಡಿಬಿಡಿಯಾಗಿ ನೆನಪಿವೆ. ಕಾರಣವಿಷ್ಟೇ: ಆ ಎಣ್ಣೆಗೆ ನೀರು ಸೇರಿಸಿದವನು ನಾನೇ ಎಂದು ಎದೆಯಲ್ಲಿ ಅವಲಕ್ಕಿ ಕುಟ್ಟಿಕೊಂಡು ಓಡಾಡುತ್ತಿದ್ದೆ.

ಶೆಡ್ಡಿನಲ್ಲಿದ್ದುದು ಹಳೆಯ ಬ್ಯಾಕ್‌ಹೋ ಲೋಡರ್. ಯಾವ ಕಂಪನಿಯದಾದರೂ ಜನ ಜೆಸಿಬಿ ಎಂದೇ ಕರೆಯುತ್ತಾರಲ್ಲ, ಆ ಜಾತಿಯ ಯಂತ್ರ. ನಾವು ಹಾಗೆ ಕರೆದರೆ ಮೇಷ್ಟ್ರು ಸಿಡುಕುತ್ತಿದ್ದರು. ಮುಂದೆ ಮಣ್ಣು ಬಾಚುವ ಅಗಲ ಬಕೆಟ್, ಹಿಂದೆ ಅಗೆಯುವ ತೋಳು, ಎರಡಕ್ಕೂ ಸೇರಿ, ಎಣ್ಣೆಯ ಒತ್ತಡದಿಂದ ಅವನ್ನು ಆಡಿಸುವ ಹನ್ನೊಂದು ಸಿಲಿಂಡರ್. ಪ್ರದರ್ಶನದ ಹಿಂದಿನ ದಿನ ಅದನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರೆಷರ್ ವಾಷರ್ ಕೈಗೆ ಸಿಕ್ಕ ಹುಡುಗನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ? ಆ ಎಣ್ಣೆ ತುಂಬಿಡುವ ಹೈಡ್ರಾಲಿಕ್ ಟ್ಯಾಂಕಿನ ಮುಚ್ಚಳದ ಸುತ್ತ ಗ್ರೀಸು, ಮಣ್ಣು ಸೇರಿ ಹೆಪ್ಪುಗಟ್ಟಿತ್ತು. ನಳಿಕೆಯನ್ನು ಅದರ ಹತ್ತಿರಕ್ಕೇ ಹಿಡಿದು ನೀರು ಬಿಟ್ಟೆ. ಯಂತ್ರ ಫಳಫಳ ಹೊಳೆಯಿತು. ಮೇಷ್ಟ್ರು ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮುಂದಿನ ವಾರ ಬೂಮ್, ಅಂದರೆ ಅಗೆಯುವ ತೋಳಿನ ಬುಡದ ಭಾಗ, ಎತ್ತಿದರೆ ನಡುಗುತ್ತ ಎದ್ದಿತು. ಯಂತ್ರ ಬಿಸಿಯಾದಂತೆ ಎಣ್ಣೆ ನೂಕುವ ಪಂಪು ಕೊಂಯ್ ಎಂದು ಅಳತೊಡಗಿತು. ಟ್ಯಾಂಕಿನ ಗಾಜಿನ ಕಿಂಡಿಯಲ್ಲಿ ನೋಡಿದರೆ, ಜೇನಿನ ಬಣ್ಣಕ್ಕಿರಬೇಕಾದ ಎಣ್ಣೆ ಹಾಲು ಕಲಸಿದಂತೆ ಬೆಳ್ಳಗಾಗಿತ್ತು.

"ಗಾಳಿ ಸೇರಿದೆ ಸಾರ್" ಎಂದ 23.

"ಇರಬಹುದು. ಗಾಳಿಯಾದರೆ ಮೇಲೇಳುತ್ತೆ, ತಳದಿಂದ ತಿಳಿಯಾಗ್ತಾ ಬರುತ್ತೆ. ನೋಡೇ ಬಿಡೋಣ."

ಒಂದು ಗಾಜಿನ ಬಾಟಲಿಯಲ್ಲಿ ಎಣ್ಣೆ ಹಿಡಿದು ಕಿಟಕಿಯ ಮೇಲಿಟ್ಟರು. ಒಂದು ಗಂಟೆ ಕಳೆದರೂ ತಳ ತಿಳಿಯಾಗಲಿಲ್ಲ. ಆಮೇಲೆ ಹಾಟ್‌ಪ್ಲೇಟನ್ನು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಅದರ ಮೇಲೆ ಒಂದು ಹನಿ ಬಿಟ್ಟರು. ಚಟಚಟ ಸಿಡಿಯಿತು. ಒಣ ಎಣ್ಣೆ ಹಾಗೆ ಸಿಡಿಯುವುದಿಲ್ಲ. ಒಳಗಿನ ನೀರು ಒಮ್ಮೆಲೇ ಆವಿಯಾಗುವ ಸದ್ದು ಅದು. ನನ್ನ ಕಿವಿಗೆ ಅದು ನನ್ನ ಹೆಸರನ್ನೇ ಕೂಗಿದಂತಾಯಿತು.

"ಯಾರು ಮಾಡಿದ್ದು ಅಂತ ಆಮೇಲೆ. ಎಲ್ಲಿಂದ ಬಂತು ಅಂತ ಮೊದಲು" ಎಂದು ಮೇಷ್ಟ್ರು ಬಾಟಲಿಗೆ ಚೀಟಿ ಅಂಟಿಸಿ 1 ಎಂದು ಬರೆದರು.

ಮೊದಲ ದಿನ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. ಬೋರ್ಡಿನ ಮೇಲೆ ಒಂದು ಸಿಲಿಂಡರ್ ಬರೆದು, ಅದರೊಳಗಿಂದ ಚಾಚುವ ದಂಡ, ಅಂದರೆ ರಾಡ್, ಹೊರಗೆ ಹೋಗಲು ಬೇಕಾದಷ್ಟು ಎಣ್ಣೆ ಆಚೆ ಬದಿಯಿಂದ ವಾಪಸು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ. ಒಂದು ಬದಿಯಲ್ಲಿ ರಾಡೇ ಜಾಗ ಹಿಡಿದಿರುತ್ತದೆ. ಹಾಗಾಗಿ ತೋಳು ಚಾಚಿದಾಗಲೆಲ್ಲ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಮಡಚಿದಾಗ ಏರುತ್ತದೆ. ಇಳಿದಾಗ ಹೊರಗಿನ ಗಾಳಿ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ಒಳಗೆ ಬರಲೇಬೇಕು. "ಟ್ಯಾಂಕು ಉಸಿರಾಡುತ್ತೆ ಕಣ್ರೋ. ನಾವು ಉಸಿರಾಡೋದೇ ಅದೂ ಉಸಿರಾಡೋದು. ಧೂಳಿದ್ದರೆ ಧೂಳು, ತೇವ ಇದ್ದರೆ ತೇವ." ಬಿಸಿ ಎಣ್ಣೆ ಸ್ವಲ್ಪ ನೀರನ್ನು ಕಾಣದಂತೆ ಕರಗಿಸಿಟ್ಟುಕೊಳ್ಳುತ್ತದೆ, ರಾತ್ರಿ ತಣ್ಣಗಾದಾಗ ಬಿಟ್ಟುಬಿಡುತ್ತದೆ. 1795ರಲ್ಲಿ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಮೊದಲ ಹೈಡ್ರಾಲಿಕ್ ಪ್ರೆಸ್ ನಡೆದದ್ದೇ ನೀರಿನಿಂದ, ಅದೇ ನೀರು ನಮ್ಮ ಪಂಪಿಗೆ ವಿಷ ಎಂದು ಹೇಳಿ ಅವರೊಬ್ಬರೇ ನಕ್ಕರು. ಲೋಹದ ನಡುವೆ ಜಾರುಪದರವಾಗಿ ನಿಲ್ಲುವ ಶಕ್ತಿ ನೀರಿಗಿಲ್ಲ. ತುಕ್ಕು ತರುತ್ತದೆ, ಎಣ್ಣೆಗೆ ಬೆರೆಸಿರುವ ಔಷಧಗಳನ್ನೂ ಕೆಡಿಸುತ್ತದೆ.

ಅಂದಿನ ಇನ್ನೊಂದು ಲೆಕ್ಕ ನನಗೆ ಬಾಯಿಪಾಠವಾಗಿದೆ. ನಮ್ಮ ಯಂತ್ರದಲ್ಲಿ ಒಟ್ಟು ಎಣ್ಣೆ 120 ಲೀಟರ್, ಟ್ಯಾಂಕಿನಲ್ಲಿರುವುದು 40 ಮಾತ್ರ. ಉಳಿದ 80 ಲೀಟರ್ ಸಿಲಿಂಡರು, ಹೋಸು, ವಾಲ್ವ್, ಕೂಲರ್‌ಗಳಲ್ಲಿ ಹಂಚಿಹೋಗಿದೆ. ಡ್ರೇನ್ ಪ್ಲಗ್ ಬಿಚ್ಚಿ ಟ್ಯಾಂಕ್ ಖಾಲಿ ಮಾಡಿ ಹೊಸದು ತುಂಬಿದರೆ ಹೋದದ್ದು ಮೂರರಲ್ಲಿ ಒಂದು ಪಾಲು. ಎಲ್ಲ ಕಲಸಿ ಮತ್ತೊಮ್ಮೆ ಬದಲಿಸಿದರೆ ಹಳೆಯದು ಶೇ. 44 ಉಳಿಯುತ್ತದೆ, ಮೂರನೆಯ ಸಲಕ್ಕೆ ಶೇ. 30. ಶೇ. 5ಕ್ಕಿಂತ ಕೆಳಗಿಳಿಸಬೇಕಾದರೆ ಎಂಟು ಸಲ ಬದಲಿಸಬೇಕು, ಅಂದರೆ 320 ಲೀಟರ್ ಹೊಸ ಎಣ್ಣೆ. ಟ್ಯಾಂಕಿನ ಎಣ್ಣೆ ಬದಲಿಸಿ "ಆಯಿಲ್ ಚೇಂಜ್ ಆಯ್ತು" ಎಂದು ಕೈ ಒರೆಸಿಕೊಳ್ಳುವವರನ್ನು ನಾನು ಆಮೇಲೆ ಕೆಲಸದ ಜಾಗದಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ತಿಂಗಳೊಳಗೆ ಕಿಂಡಿ ಮತ್ತೆ ಬೆಳ್ಳಗಾದರೆ ಅವರು ಎಣ್ಣೆಯ ಕಂಪನಿಯನ್ನು ಬೈಯುತ್ತಾರೆ.

ಎರಡನೆಯ ದಿನ ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್, ತೋಳು ಎಲ್ಲವನ್ನೂ ನೆಲಕ್ಕೆ ಊರಿಸಿದೆವು. ಎಂಜಿನ್ ಆರಿಸಿ, ಒಳಗೆ ಉಳಿದ ಒತ್ತಡ ಹೋಗಲೆಂದು ಪ್ರತಿ ಲಿವರನ್ನೂ ಆಚೀಚೆ ಆಡಿಸಿದೆವು. ಮಾರನೆಯ ಬೆಳಿಗ್ಗೆ ಡ್ರೇನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಸ್ವಲ್ಪ ಸಡಿಲಿಸಿದಾಗ ಮೊದಲು ಬಂದದ್ದು ಬರೀ ನೀರು. ಆಮೇಲೆ ಬೆಳ್ಳನೆಯ ಎಣ್ಣೆ. ಇನ್ನೂ ಕೆಲವು ದಿನ ಬಿಟ್ಟರೆ ಉಳಿದ ನೀರೂ ಇಳಿಯುವುದಿಲ್ಲವೇ ಎಂದು ಕೇಳಿದೆ. ಒಳ್ಳೆಯ ಹೈಡ್ರಾಲಿಕ್ ಎಣ್ಣೆ ನೀರನ್ನು ಬಿಟ್ಟುಕೊಡುತ್ತದೆ. ಆದರೆ ಯಾರೋ ಮಟ್ಟ ಕಡಿಮೆಯಾದಾಗ ಎಂಜಿನ್ ಆಯಿಲ್ ಸುರಿದಿದ್ದರು, ಲಾಗ್‌ಬುಕ್ಕಿನಲ್ಲಿ ಹಾಗೆ ಬರೆದಿತ್ತು. ಕೊಳೆ ಹಿಡಿದಿಟ್ಟುಕೊಳ್ಳಲೆಂದು ಅದಕ್ಕೆ ಬೆರೆಸಿದ ಡಿಟರ್ಜೆಂಟ್ ನೀರನ್ನೂ ಹಿಡಿದಿಡುತ್ತದೆ. "ಇಳಿಯುತ್ತೆ 17, ಯಾವತ್ತೋ ಒಂದು ದಿನ. ಅಲ್ಲಿಯವರೆಗೆ ಯಂತ್ರ ಕಾಯಲ್ಲ."

ಟ್ಯಾಂಕಿಗೆ ಮರಳುವ ಎಣ್ಣೆಯನ್ನು ಸೋಸುವ ರಿಟರ್ನ್ ಫಿಲ್ಟರನ್ನು ಎಸೆಯುವ ಮುಂಚೆ ಕೊಯ್ದು ಮಡಿಕೆಗಳನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಹರಡಿದೆವು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದು. ಅಯಸ್ಕಾಂತಕ್ಕೆ ಅಂಟಿದ್ದು ಉಕ್ಕು. ಅಂಟದೆ ಹೊಂಬಣ್ಣದಲ್ಲಿ ಮಿನುಗಿದ್ದು ಕಂಚು, ಬಹುಶಃ ಪಂಪಿನ ಸವೆತ. ಕರಿಯ ಮೆತ್ತನೆಯ ಚೂರುಗಳು ಸೀಲಿನವು. ಕಂಚು ಚಿಟಿಕೆಯಷ್ಟೂ ಇರಲಿಲ್ಲ. "ಪಂಪು ಬದುಕಿದೆ" ಎಂದರು ಮೇಷ್ಟ್ರು. ಫಿಲ್ಟರಿನ ಕಾಗದ ಕೊಳೆಯಿಂದ ಕಟ್ಟಿಕೊಂಡು, ಎಣ್ಣೆಗೆ ಬಳಸುದಾರಿ ಕೊಡುವ ಬೈಪಾಸ್ ತೆರೆದುಕೊಂಡಿದ್ದರೆ ಎಣ್ಣೆ ಸೋಸದೆಯೇ ಸುತ್ತುತ್ತಿರುತ್ತದೆ, ಫಿಲ್ಟರ್ ಇದ್ದೂ ಇಲ್ಲದ ಹಾಗೆ ಎಂಬುದು ಅಂದು ತಿಳಿಯಿತು.

ಸಿಲಿಂಡರುಗಳಿಗೆ ನಾಲ್ಕು ದಿನ ಹಿಡಿಯಿತು. ಒಂದೊಂದರ ಎರಡೂ ಹೋಸ್ ಬಿಚ್ಚಿ, ಮರದ ದಿಮ್ಮಿಗಳ ಆಧಾರ ಕೊಟ್ಟು, ಪಿನ್ ತೆಗೆದು, ಚೈನ್ ಪುಲ್ಲಿಯಿಂದ ರಾಡನ್ನು ಎಳೆದು ತಳ್ಳಿ ಒಳಗಿನದನ್ನು ಡ್ರಮ್ಮಿಗೆ ಇಳಿಸಿದೆವು. ಬಿಚ್ಚಿದ ಪ್ರತಿ ಬಾಯಿಗೂ ಆ ಕ್ಷಣವೇ ಕ್ಯಾಪ್ ಹಾಕಬೇಕು. ಮರೆತರೆ ಹೊರಗೆ ನಿಲ್ಲಬೇಕು. 23 ಎರಡು ಸಲ ನಿಂತ. ಡೀಸೆಲ್ ಹಾಕಿ ತೊಳೆದುಬಿಟ್ಟರೆ ಒಂದೇ ದಿನದ ಕೆಲಸ ಎಂದು ಫೋರ್‌ಮನ್ ಅಂದರು. ಅವರದು ದೊಡ್ಡ ಅನುಭವ, ಹಾಗೆ ಮಾಡುವವರು ಈಗಲೂ ಇದ್ದಾರೆ. ಮೇಷ್ಟ್ರು ಒಪ್ಪಲಿಲ್ಲ. ಮೂಲೆಗಳಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ, ಸೀಲುಗಳಿಗೂ ಆಗಿಬರುವುದಿಲ್ಲ. ಇಬ್ಬರ ವಾದ ಎರಡು ದಿನ ನಡೆಯಿತು. ನಾನು ಈವರೆಗೆ ಡೀಸೆಲ್ ಹಾಕಿಲ್ಲ.

ಟ್ಯಾಂಕಿನ ಒಳಗೆ ಒರೆಸಲು ಬನಿಯನ್ ವೇಸ್ಟ್ ಹಿಡಿದು ಹೋದವನ ಕೈಯಿಂದ ಅದನ್ನು ಕಿತ್ತುಕೊಂಡು ನೂಲು ಬಿಡದ ಬಟ್ಟೆ ಕೊಟ್ಟರು. ವಾಲ್ವಿನೊಳಗೆ ಜಾರುತ್ತ ಎಣ್ಣೆಯ ದಾರಿ ಬದಲಿಸುವ ಸ್ಪೂಲಿಗೂ ಅದು ಕೂರುವ ರಂಧ್ರಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಪಾಲು. ಬರಿಗಣ್ಣಿಗೆ ಕಾಣುವ ಅತಿ ಸಣ್ಣ ಕಣವೇ ಸುಮಾರು 40 ಮೈಕ್ರಾನ್. ಅಂದರೆ ನಮ್ಮನ್ನು ಕೆಡಿಸುವುದು ನಮಗೆ ಕಾಣುವುದೇ ಇಲ್ಲ.

ಟ್ಯಾಂಕ್ ಒರೆಸುವ ಸರದಿ ನನಗೇ ಬಂದಾಗ ತಡೆಯಲಾಗಲಿಲ್ಲ. "ಸಾರ್, ಮುಚ್ಚಳಕ್ಕೆ ನೀರು ಹೊಡೆದವನು ನಾನು" ಎಂದೆ.

"ಗೊತ್ತು. ನೋಡ್ತಾ ನಿಂತಿದ್ದೆನಲ್ಲ. ನಾನೇ ತಡೀಬೇಕಿತ್ತು. ಹೊಳಪು ನೋಡ್ತಾ ಇದ್ದೆ, ಮುಚ್ಚಳ ನೋಡಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈ ಒಳಗೆ ಹಾಕು. ಮೇಲಿನ ತಗಡು ಸವರು" ಎಂದರು.

ಸವರಿದೆ. ಬೆರಳಿಗೆ ಕೆಂಪು ಹುಡಿ ಬಂತು. ಎಣ್ಣೆ ಮುಟ್ಟದ ಮೇಲ್ಭಾಗವೆಲ್ಲ ಪದರಪದರವಾಗಿ ತುಕ್ಕು ಹಿಡಿದಿತ್ತು.

"ಇಷ್ಟು ತುಕ್ಕು ಒಂದು ವಾರದಲ್ಲಿ ಬರುತ್ತಾ?"

ಬ್ರೀದರ್ ಬಿಚ್ಚಿದರೆ ಒಳಗಿನ ಜಾಲರಿ ಪುಡಿಯಾಗಿತ್ತು. ತಿಂಗಳುಗಟ್ಟಲೆ ಅದು ತೇವವನ್ನು ಉಸಿರಾಡಿತ್ತು. ನಾನು ಸೇರಿಸಿದ್ದು ಕೊನೆಯ ಒಂದಿಷ್ಟು. ನಿರಾಳವಾಯಿತೇ ಎಂದರೆ, ಪೂರ್ತಿ ಇಲ್ಲ. ಅವರೂ ನನ್ನನ್ನು ಪೂರ್ತಿ ಬಿಡಲಿಲ್ಲ. ಹೊಸ ಬ್ರೀದರ್ ಹಾಕಿಸಿ, ವಾಷರಿನ ಮೇಲೆ "ಟ್ಯಾಂಕ್ ಮುಚ್ಚಳದಿಂದ ದೂರ" ಎಂದು ಬಣ್ಣದಲ್ಲಿ ನನ್ನ ಕೈಯಿಂದಲೇ ಬರೆಸಿದರು.

ಹೊಸ ಎಣ್ಣೆಯನ್ನು (ಸ್ನಿಗ್ಧತೆಯ ದರ್ಜೆ ವಿಜಿ 46) ಡ್ರಮ್ಮಿನ ಸೀಲ್ ಒಡೆದು ನೇರ ಸುರಿಯಲು ಹೊರಟ ನಮ್ಮನ್ನು ಮತ್ತೆ ತಡೆದರು. ಹೊಸದೆಂದರೆ ಶುದ್ಧವೆಂದೇನಲ್ಲ. ಐಎಸ್‌ಒ 4406 ಎಂಬ ಅಳತೆಯಲ್ಲಿ ಎಣ್ಣೆಯ ಶುದ್ಧತೆಗೆ 18/16/13 ಎಂಬಂತೆ ಮೂರು ಅಂಕಿ ಕೊಡುತ್ತಾರೆ. ಮೊದಲ ಅಂಕಿ 18 ಎಂದರೆ ಒಂದು ಮಿಲಿಲೀಟರಿನಲ್ಲಿ 4 ಮೈಕ್ರಾನಿಗಿಂತ ದೊಡ್ಡ ಕಣಗಳು 1300ರಿಂದ 2500ರವರೆಗೆ. ಒಂದು ಅಂಕಿ ಏರಿದರೆ ಕಣಗಳು ಇಮ್ಮಡಿ; 21 ಎಂದರೆ 18ರ ಎಂಟರಷ್ಟು. ಡ್ರಮ್ಮಿನಿಂದ ಬರುವ ಎಣ್ಣೆ ಎಷ್ಟೋ ಸಲ ಯಂತ್ರ ಕೇಳುವುದಕ್ಕಿಂತ ಕೊಳಕಾಗಿಯೇ ಇರುತ್ತದೆ. ಫಿಲ್ಟರ್ ಇರುವ ಚಿಕ್ಕ ಪಂಪಿನ ಮೂಲಕ ಸೋಸಿ ತುಂಬಿದೆವು. ಪಂಪು ಎಣ್ಣೆಯಿಲ್ಲದೆ ಒಣದಾಗಿ ತಿರುಗಬಾರದೆಂದು, ಟ್ಯಾಂಕಿನಿಂದ ಅದಕ್ಕೆ ಎಣ್ಣೆ ತರುವ ಸಕ್ಷನ್ ಹೋಸಿಗೂ ಮೊದಲೇ ಎಣ್ಣೆ ಹಾಕಿದೆವು. ಎಂಜಿನ್ ಶುರು ಮಾಡಿ ಕನಿಷ್ಠ ವೇಗದಲ್ಲೇ ಬಿಟ್ಟು, ಒಂದೊಂದೇ ಸಿಲಿಂಡರನ್ನು ತುದಿಯವರೆಗೆ ಒತ್ತದೆ ಮೆಲ್ಲಗೆ ಆಡಿಸಿ ಗಾಳಿ ಬಿಡಿಸಿದೆವು. ಒಬ್ಬನ ಕಣ್ಣು ಕಿಂಡಿಯ ಮೇಲೇ ಇರಬೇಕು.

ಸೋರುತ್ತಿದೆಯೇ ಎಂದು ಹೋಸಿನ ಮೇಲೆ ಕೈಯಾಡಿಸಲು ಹೋದ 23ರ ಮಣಿಕಟ್ಟನ್ನು ಮೇಷ್ಟ್ರು ಹಿಡಿದುಕೊಂಡ ರಭಸ ಮರೆತಿಲ್ಲ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕುತ್ತದೆ. ಹೊರಗೆ ಕಾಣುವುದು ಚಿಕ್ಕ ಚುಕ್ಕೆ, ನೋವೂ ಮೊದಲು ಹೆಚ್ಚಿರುವುದಿಲ್ಲ. ಆದರೂ ತಡಮಾಡದೆ ಶಸ್ತ್ರಚಿಕಿತ್ಸೆಗೆ ಹೋಗದಿದ್ದರೆ ಬೆರಳೋ ಕೈಯೋ ಹೋಗಬಹುದು. ಸೋರಿಕೆ ಹುಡುಕಬೇಕಾದದ್ದು ರಟ್ಟಿನ ತುಂಡಿನಿಂದ. ಇಡೀ ಹತ್ತು ದಿನದಲ್ಲಿ ಅವರು ಕೂಗಾಡಿದ್ದು ಅದೊಂದೇ ಸಲ.

ಎಂಟು ಗಂಟೆ ಯಂತ್ರ ನಡೆಸಿ, ಟ್ಯಾಂಕಿನ ಎಣ್ಣೆಯನ್ನೂ ಫಿಲ್ಟರನ್ನೂ ಮತ್ತೆ ಬದಲಿಸಿದೆವು. ಪ್ರತಿ ಹಂತಕ್ಕೊಂದು ಬಾಟಲಿ ಕಿಟಕಿ ಸೇರಿತು. ಒಂದನೆಯದು ಬೆಳ್ಳಗೆ, ಎರಡನೆಯದು ಮಬ್ಬು, ಮೂರನೆಯದು ಮಂಜು ಕವಿದಂತೆ. ನಾಲ್ಕನೆಯದರ ಹಿಂದೆ ಸಿಲಬಸ್ ಪುಸ್ತಕ ಹಿಡಿದರೆ ಅಕ್ಷರ ಓದಬಹುದಿತ್ತು. ಹಾಟ್‌ಪ್ಲೇಟಿನ ಮೇಲೆ ಅದರ ಹನಿ ಸದ್ದಿಲ್ಲದೆ ಹರಡಿ ಹೊಗೆಯಾಡಿತು. ಹಳೆಯ ಎಣ್ಣೆಯ ಡ್ರಮ್ಮುಗಳಿಗೆ ಮುಚ್ಚಳ ಬಿಗಿದು ಮರುಸಂಸ್ಕರಣೆಗೆ ಕಳಿಸಿದರು.

ಕಳೆದ ವರ್ಷ ಒಂದು ಕೆಲಸದ ಮೇಲೆ ಕಾಲೇಜಿಗೆ ಬಂದಿದ್ದೆ. ಮೇಷ್ಟ್ರು ನಿವೃತ್ತರಾಗಿದ್ದಾರೆ, ಯಂತ್ರವೂ ಶೆಡ್ಡಿನಲ್ಲಿಲ್ಲ. ಕಿಟಕಿಯ ಮೇಲೆ ಮೂರು ಬಾಟಲಿ ಮಾತ್ರ ಉಳಿದಿದ್ದವು. ಚೀಟಿಯ ಶಾಯಿ ಮಾಸಿತ್ತು, ಆದರೂ 1 ಎಂಬುದು ಕಾಣುತ್ತಿತ್ತು. ಎತ್ತಿ ಬೆಳಕಿಗೆ ಹಿಡಿದೆ. ಎಣ್ಣೆ ತಿಳಿಯಾಗಿತ್ತು, ಹಳೆಯ ಜೇನಿನ ಬಣ್ಣ. ಅದರ ತಳದಲ್ಲಿ, ಉಗುರಿನ ದಪ್ಪದಷ್ಟು, ನೀರು ಬೇರೆಯಾಗಿ ನಿಂತಿತ್ತು.